ಗಡಿಯಾರದ ಹೊಟ್ಟೆಯೊಳಗೆ ಯಾರ ಯಂತ್ರ?



ಕೈಗಡಿಯಾರವನ್ನು ವೇಳೆ ತಿಳಿಯಲೆಂದೇ ಕೊಳ್ಳುತ್ತಿದ್ದ ಕಾಲ ಹೋಯಿತು. ವೇಳೆ ಈಗ ಎಲ್ಲರ ಜೇಬಿನ ಫೋನಿನಲ್ಲಿದೆ. ಕೆಲವು ನೂರು ರೂಪಾಯಿಯ ಬ್ಯಾಟರಿ ವಾಚು ಕೂಡ ಸಾಮಾನ್ಯವಾಗಿ ತಿಂಗಳಿಗೆ ಹದಿನೈದು ಸೆಕೆಂಡಿಗಿಂತ ಹೆಚ್ಚು ಹಿಂದುಮುಂದಾಗುವುದಿಲ್ಲ. ಹೀಗಿದ್ದೂ, ಕೀ ಕೊಟ್ಟರೆ ಸ್ಪ್ರಿಂಗು ಬಿಗಿದುಕೊಂಡು ಹಲ್ಲಿನ ಚಕ್ರಗಳಿಂದ ನಡೆಯುವ ಸ್ವಿಸ್ ಗಡಿಯಾರಕ್ಕೆ ಲಕ್ಷಗಟ್ಟಲೆ ಹಣ ತೆರುವವರಿದ್ದಾರೆ. ಅಂಥವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ‘ಇದರ ಮಷೀನು ಕಂಪನಿಯ ಸ್ವಂತದ್ದೋ, ಹೊರಗಿನಿಂದ ತಂದದ್ದೋ?’ ಎಂಬುದು. ‘ಇನ್-ಹೌಸ್ ಮೂವ್‌ಮೆಂಟ್’ ಎಂಬ ಎರಡು ಪದ ಜಾಹೀರಾತಿನಲ್ಲಿ ಕಂಡರೆ ಬೆಲೆ ಒಂದು ಮೆಟ್ಟಿಲು ಏರಿದೆ ಎಂದೇ ತಿಳಿಯಬೇಕು. ಸ್ವಂತದ್ದಾದರೆ ಕುಲೀನ, ಕೊಂಡು ತಂದದ್ದಾದರೆ ಬೆರಕೆ ಎಂಬ ಭಾವನೆ ಬೇರೂರಿದೆ. ಅಷ್ಟು ಹಣ ಕೊಡುವವನಿಗೆ ಈ ಕುಲಗೋತ್ರದ ವಿಚಾರಣೆಯಿಂದ ಸಿಗುವುದೇನು ಎಂಬುದೇ ಇಂದಿನ ಮಾತಿನ ವಿಷಯ.

ಮೂವ್‌ಮೆಂಟ್ ಎಂದರೆ ಗಡಿಯಾರದ ಒಳಯಂತ್ರ. ನಮ್ಮ ರಿಪೇರಿಯವರ ಬಾಯಲ್ಲಿ ಅದು ‘ಮಷೀನು’. ಸುರುಳಿ ಸುತ್ತಿದ ಸ್ಪ್ರಿಂಗಿನಲ್ಲಿ ಶಕ್ತಿ ತುಂಬಿರುತ್ತದೆ. ಅದು ಒಮ್ಮೆಗೇ ಬಿಚ್ಚಿಕೊಳ್ಳದಂತೆ ಒಂದು ಕೊಕ್ಕೆ ಹಲ್ಲಿನ ಚಕ್ರವನ್ನು ಹಿಡಿದು ಬಿಡುತ್ತಿರುತ್ತದೆ. ಹಿಡಿದು ಬಿಡುವ ಲಯವನ್ನು ಕೊಡುವುದು ಅತ್ತಿತ್ತ ತಿರುಗುವ ಬ್ಯಾಲೆನ್ಸ್ ಚಕ್ರ ಮತ್ತು ಅದರ ನಡುವಿನ ಕೂದಲೆಳೆಯಂಥ ಹೇರ್‌ಸ್ಪ್ರಿಂಗು. ಕಿವಿಗೆ ಕೇಳುವ ಟಿಕ್ ಟಿಕ್ ಈ ಹಿಡಿದು ಬಿಡುವ ಸದ್ದು. ಡಯಲು, ಮುಳ್ಳು, ಗಾಜು, ಪಟ್ಟಿ ಇವೆಲ್ಲ ಇದಕ್ಕೆ ತೊಡಿಸಿದ ಬಟ್ಟೆ.

ಈ ಯಂತ್ರವನ್ನು ಒಬ್ಬನೇ, ಒಂದೇ ಸೂರಿನಡಿ ಮಾಡಬೇಕೆಂಬುದು ಸ್ವಿಸ್ ಗಡಿಯಾರದ ಪುರಾತನ ಧರ್ಮವೆಂದು ಹಲವರು ನಂಬಿದ್ದಾರೆ. ಇತಿಹಾಸ ಹೇಳುವುದು ಅದಕ್ಕೆ ತದ್ವಿರುದ್ಧ. ಫ್ರಾನ್ಸಿನ ಗಡಿಗೆ ಅಂಟಿಕೊಂಡ ಜುರಾ ಬೆಟ್ಟಸಾಲಿನಲ್ಲಿ ಚಳಿಗಾಲ ದೀರ್ಘ. ಹಿಮ ಬಿದ್ದರೆ ಹೊಲಗೆಲಸವಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ರೈತ ಕುಟುಂಬಗಳು ಕಿಟಕಿಯ ಬಳಿ ಮೇಜು ಹಾಕಿಕೊಂಡು ಗಡಿಯಾರದ ಬಿಡಿಭಾಗ ಮಾಡಲು ಕೂತವು. ಒಂದು ಮನೆಯಲ್ಲಿ ತಿರುಪು ಮಾತ್ರ, ಮತ್ತೊಂದರಲ್ಲಿ ಮುಳ್ಳು ಮಾತ್ರ, ಇನ್ನೊಂದರಲ್ಲಿ ಚಕ್ರದ ಹಲ್ಲು ಕೊರೆಯುವುದು ಮಾತ್ರ. ಇವನ್ನೆಲ್ಲ ಕೊಂಡು, ಜೋಡಿಸಿ, ಹೊಂದಿಸಿ, ತನ್ನ ಹೆಸರು ಬರೆದು ಮಾರುವ ವರ್ತಕ ಬೇರೆ. ಈ ಪದ್ಧತಿಗೆ ಫ್ರೆಂಚಿನಲ್ಲಿ ‘ಎಟಾಬ್ಲಿಸಾಜ್’ ಎಂದು ಹೆಸರು. ಚಕ್ರ, ತಟ್ಟೆಗಳನ್ನು ಕೂಡಿಸಿದ ಅರೆಸಿದ್ಧ ಯಂತ್ರಕ್ಕೆ ‘ಎಬೋಷ್’ ಎಂದು ಹೆಸರು. ಒಬ್ಬನ ಎಬೋಷ್ ಕೊಂಡು ಇನ್ನೊಬ್ಬ ಅದನ್ನು ನಯಗೊಳಿಸಿ, ಹೊಂದಿಸಿ, ಮೆರುಗು ಕೊಟ್ಟು ಮಾರುವುದು ಕಳ್ಳತನವಾಗಿರಲಿಲ್ಲ. ಅದೇ ಕಸುಬಾಗಿತ್ತು.

ಲಾ ಶೋ-ದ-ಫೊಂ ಎಂಬ ಊರಂತೂ ಇದಕ್ಕೆಂದೇ ಬೆಳೆದದ್ದು. ಕಾರ್ಲ್ ಮಾರ್ಕ್ಸ್ 1867ರಲ್ಲಿ ಪ್ರಕಟಿಸಿದ ‘ಬಂಡವಾಳ’ದಲ್ಲಿ ಶ್ರಮವಿಭಜನೆಯನ್ನು ವಿವರಿಸುವಾಗ ಗಡಿಯಾರದ ಕೆಲಸವನ್ನೇ ಉದಾಹರಣೆಗೆ ಎತ್ತಿಕೊಂಡು, ಅದಕ್ಕೆ ಬೇಕಾಗುವ ಬಗೆಬಗೆಯ ಕೆಲಸಗಾರರ ಮಾರುದ್ದದ ಪಟ್ಟಿ ಕೊಡುತ್ತಾನೆ, ಈ ಊರಿಗೆ ಊರೇ ಒಂದು ಗಡಿಯಾರ ಕಾರ್ಖಾನೆ ಎನ್ನುವ ಅರ್ಥದ ಮಾತನ್ನೂ ಆಡುತ್ತಾನೆ. ಕೆಲಸಗಾರನ ಮೇಜಿಗೆ ಬೆಳಕು ಬೀಳುವಂತೆ ಅಲ್ಲಿಯ ಬೀದಿಗಳನ್ನೇ ಯೋಜಿಸಿ ಕಟ್ಟಲಾಗಿದೆ. 2009ರಲ್ಲಿ ಯುನೆಸ್ಕೊ ಲಾ ಶೋ-ದ-ಫೊಂ ಮತ್ತು ನೆರೆಯ ಲ ಲೋಕ್ಲ್ ಊರುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಕಾರಣಕ್ಕಾಗಿಯೇ. ಇಡೀ ಊರು ಹಂಚಿಕೊಂಡು ದುಡಿದದ್ದಕ್ಕೆ ಆ ಗೌರವ ಸಂದಿತು.

ದೊಡ್ಡ ಮನೆತನಗಳೂ ಈ ಹಂಚಿಕೆಯ ಹೊರಗಿರಲಿಲ್ಲ. ಜೆರಾಲ್ಡ್ ಜೆಂಟಾ ರೂಪಿಸಿದ ಓಡೆಮಾರ್ ಪಿಗೆಯ ‘ರಾಯಲ್ ಓಕ್’ 1972ರಲ್ಲಿ ಬಂದಾಗ, ಉಕ್ಕಿನ ವಾಚಿಗೆ ಬಂಗಾರದ ಬೆಲೆಯೇ ಎಂದು ಪೇಟೆ ಹುಬ್ಬೇರಿಸಿತು. ಅದರ ಒಳಗಿದ್ದದ್ದು ಜೇಗರ್-ಲೆಕುಲ್ತ್ರ ಕಂಪನಿಯ 920 ಎಂಬ ತೆಳು ಯಂತ್ರದ ಎಬೋಷ್. 1976ರಲ್ಲಿ ಬಂದ ಪಾಟೆಕ್ ಫಿಲಿಪ್‌ನ ‘ನಾಟಿಲಸ್’ ಒಳಗೂ ಅದೇ. ಮರುವರ್ಷ ವಾಷೆರೋನ್ ಕಾನ್‌ಸ್ಟಾಂಟಿನ್ ತಂದ ‘222’ರ ಒಳಗೂ ಅದೇ. ಸ್ವಿಟ್ಜರ್ಲೆಂಡಿನ ಮೂರು ಮಹಾ ಮನೆತನಗಳು ತಮ್ಮ ಹೆಮ್ಮೆಯ ವಾಚುಗಳಿಗೆ ಒಬ್ಬನ ಬಳಿಯೇ ಯಂತ್ರ ತಂದವು. ತಮ್ಮ ತಮ್ಮ ಮೆರುಗು, ತಮ್ಮ ತಮ್ಮ ಹೊಂದಾಣಿಕೆ ಕೊಟ್ಟವು. ಓಡೆಮಾರ್ ಪಿಗೆ ಮುಳ್ಳೆರಡಿನ ಆ ತೆಳು ರಾಯಲ್ ಓಕ್‌ಗೆ ಬೇರೆ ಯಂತ್ರ ಹಾಕಿದ್ದು 2022ರಲ್ಲಿ, ಅಂದರೆ ಅರ್ಧ ಶತಮಾನದ ನಂತರ. ಈ ನಡುವೆ ಅದನ್ನು ಬೆರಕೆ ಎಂದು ಯಾರೂ ಮೂಗು ಮುರಿದದ್ದಿಲ್ಲ.

ಚಂದ್ರನ ಮೇಲೆ ಹೋದ ಗಡಿಯಾರದ ಕಥೆಯೂ ಹೀಗೆಯೇ. 1969ರ ಜುಲೈಯಲ್ಲಿ ಬಜ್ ಆಲ್ಡ್ರಿನ್ ಕೈಯಲ್ಲಿದ್ದ ಒಮೆಗಾ ಸ್ಪೀಡ್‌ಮಾಸ್ಟರಿನ ‘321’ ಯಂತ್ರ ಒಮೆಗಾದ ಸೋದರ ಸಂಸ್ಥೆಯಾದ ಲೆಮಾನಿಯಾದ ಕಾರ್ಖಾನೆಯ ವಿನ್ಯಾಸ. ಸೆಕೆಂಡು ಮುಳ್ಳನ್ನು ಬೇಕಾದಾಗ ಓಡಿಸಿ ನಿಲ್ಲಿಸುವ ಕ್ರೊನೊಗ್ರಾಫ್ ಯಂತ್ರವದು. ಅದೇ ಲೆಮಾನಿಯಾ ವಿನ್ಯಾಸವನ್ನು ತಳಹದಿಯಾಗಿಟ್ಟುಕೊಂಡು ಪಾಟೆಕ್ ಫಿಲಿಪ್ ತನ್ನ ಅತಿ ದುಬಾರಿ ಕ್ರೊನೊಗ್ರಾಫ್‌ಗಳನ್ನು ವರ್ಷಾನುಗಟ್ಟಲೆ ಮಾಡಿತು. ಎರಡು ಅಂಗಡಿ, ಎರಡು ಬೆಲೆ, ಮೂಲ ಒಂದೇ.

ರೋಲೆಕ್ಸ್‌ನ ‘ಡೇಟೋನಾ’ ಇನ್ನೂ ಸ್ವಾರಸ್ಯದ್ದು. 1963ರಿಂದ 1988ರವರೆಗೆ ಅದರಲ್ಲಿ ವಾಲ್‌ಜೂ 72 ಎಂಬ ಕೊಂಡು ತಂದ ಯಂತ್ರದ ತಳಹದಿ. 1988ರಿಂದ 2000ದವರೆಗೆ ಜೆನಿತ್ ಕಂಪನಿಯ ‘ಎಲ್ ಪ್ರಿಮೆರೊ’. ರೋಲೆಕ್ಸ್ ಅದರ ಹಲವು ಭಾಗಗಳನ್ನು ಬದಲಿಸಿ, ಗಂಟೆಗೆ 36,000 ಇದ್ದ ಬಡಿತವನ್ನು 28,800ಕ್ಕೆ ಇಳಿಸಿಕೊಂಡಿತು. ಸ್ವಂತ ಯಂತ್ರ ಬಂದದ್ದು 2000ದಲ್ಲಿ. ನಟ ಪಾಲ್ ನ್ಯೂಮನ್ ಕಟ್ಟಿಕೊಂಡಿದ್ದ ಡೇಟೋನಾ 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕೋಟಿ 77 ಲಕ್ಷ ಡಾಲರಿಗೂ ಮಿಗಿಲಾಗಿ ಹೋಯಿತು. ಆವರೆಗೆ ಯಾವ ಕೈಗಡಿಯಾರಕ್ಕೂ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ. ಅದರ ಹೊಟ್ಟೆಯೊಳಗಿದ್ದದ್ದು ವಾಲ್‌ಜೂ!

ಹಾಗಾದರೆ ‘ಸ್ವಂತ ಯಂತ್ರ’ದ ಈ ಅಭಿಮಾನ ಹುಟ್ಟಿದ್ದು ಎಲ್ಲಿಂದ? ಒಂದು ಭಾಗ ಭಯದಿಂದ, ಇನ್ನೊಂದು ಭಾಗ ವ್ಯಾಪಾರದಿಂದ.

1969ರ ಕ್ರಿಸ್‌ಮಸ್ ದಿನ ಜಪಾನಿನ ಸೀಕೋ ಕಂಪನಿ ‘ಆಸ್ಟ್ರಾನ್’ ಎಂಬ ಸ್ಫಟಿಕದ ಕೈಗಡಿಯಾರವನ್ನು, ಅಂದರೆ ಕ್ವಾರ್ಟ್ಜ್ ವಾಚನ್ನು, ಮಾರಾಟಕ್ಕಿಟ್ಟಿತು. ಮುಂದಿನ ಹದಿನೈದು ವರ್ಷಗಳಲ್ಲಿ ಸ್ವಿಸ್ ಗಡಿಯಾರ ಉದ್ಯಮದ ಕೆಲಸಗಾರರ ಸಂಖ್ಯೆ ಸುಮಾರು 90,000ದಿಂದ 30,000ದ ಆಸುಪಾಸಿಗೆ ಕುಸಿಯಿತು. ಊರೂರುಗಳಲ್ಲಿ ಕಾರ್ಖಾನೆಗಳು ಮುಚ್ಚಿದವು. ತಲೆಮಾರುಗಳಿಂದ ಬಂದ ಯಂತ್ರ ಸಾಮಗ್ರಿಗಳು ಗುಜರಿಗೆ ಹೋದವು.

ಈ ಸಂದರ್ಭದಲ್ಲಿ ನಡೆದ ಒಂದು ಘಟನೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಲ ಲೋಕ್ಲ್‌ನ ಜೆನಿತ್ ಕಾರ್ಖಾನೆ ಆಗ ಅಮೆರಿಕದ ಒಂದು ರೇಡಿಯೊ ಕಂಪನಿಯ ಕೈಯಲ್ಲಿತ್ತು. ಸ್ಪ್ರಿಂಗಿನ ಗಡಿಯಾರಕ್ಕೆ ಭವಿಷ್ಯವಿಲ್ಲ, ‘ಎಲ್ ಪ್ರಿಮೆರೊ’ ತಯಾರಿಸುವ ಉಪಕರಣಗಳನ್ನು ಮಾರಿಬಿಡಿ ಎಂದು 1975ರಲ್ಲಿ ಆಜ್ಞೆಯಾಯಿತು. ಅಲ್ಲಿಯ ಕುಶಲಕರ್ಮಿ ಶಾರ್ಲ್ ವೆರ್ಮೋ ಮಾಲೀಕರಿಗೆ ಬೇಡವೆಂದು ತಿಳಿಹೇಳಿ ನೋಡಿದ. ಕೇಳುವವರಿರಲಿಲ್ಲ. ಆಗ ಆತ ಅಚ್ಚುಗಳನ್ನೂ ಕತ್ತರಿಸುವ ಹತಾರಗಳನ್ನೂ ಗುಟ್ಟಾಗಿ ಕಾರ್ಖಾನೆಯ ಅಟ್ಟಕ್ಕೆ ಸಾಗಿಸಿ, ಯಾವುದು ಯಾವ ಹಂತಕ್ಕೆ ಬೇಕೆಂದು ಚೀಟಿ ಹಚ್ಚಿ, ತಯಾರಿಕೆಯ ಕ್ರಮವನ್ನು ಬರೆದಿಟ್ಟು, ಬಚ್ಚಿಟ್ಟ. ಕಂಪನಿ ಸ್ವಿಸ್ ಒಡೆಯರ ಕೈಗೆ ಮರಳಿದ ಮೇಲೆ, 1980ರ ದಶಕದಲ್ಲಿ, ಆ ಅಟ್ಟದ ಸರಕಿನಿಂದಲೇ ತಯಾರಿಕೆ ಮತ್ತೆ ಶುರುವಾಯಿತು. ರೋಲೆಕ್ಸ್ ಹನ್ನೆರಡು ವರ್ಷ ಕೊಂಡದ್ದು ಈ ಯಂತ್ರವನ್ನೇ. ಸ್ವಂತ ಯಂತ್ರವಿರುವುದು ಒಂದು ಊರಿಗೆ, ಒಂದು ಕಸುಬಿಗೆ ಏನು ಎಂಬುದು ವೆರ್ಮೋಗೆ ಗೊತ್ತಿತ್ತು. ಕೊಳ್ಳುವವನಿಗೆ ಅದು ಏನು ಎಂಬುದು ಬೇರೆಯೇ ಪ್ರಶ್ನೆ.

ಮುಳುಗುತ್ತಿದ್ದ ಸ್ವಿಸ್ ಸಂಸ್ಥೆಗಳನ್ನು 1983ರಲ್ಲಿ ಒಗ್ಗೂಡಿಸಲಾಯಿತು. ಅದನ್ನು ಮೇಲೆತ್ತಿದವನು ನಿಕೊಲಾಸ್ ಹಾಯೆಕ್. ಈ ಕೂಟವೇ 1998ರಲ್ಲಿ ಸ್ವಾಚ್ ಗ್ರೂಪ್ ಎಂದು ಹೆಸರು ಬದಲಿಸಿಕೊಂಡಿತು. ಅದರೊಳಗಿನ ‘ಇಟಿಎ’ ಎಂಬ ಕಾರ್ಖಾನೆ ಸ್ವಿಟ್ಜರ್ಲೆಂಡಿನ ಬಹುಪಾಲು ಕಂಪನಿಗಳಿಗೆ ಯಂತ್ರ ಒದಗಿಸುವ ಬೃಹತ್ ಗಿರಣಿಯಾಯಿತು. ಅದರ 2824, 2892, 7750 ಎಂಬ ಸಂಖ್ಯೆಗಳು ರಿಪೇರಿಯವರಿಗೆ ಬಾಯಿಪಾಠ. ಸ್ಪ್ರಿಂಗಿನ ಗಡಿಯಾರ ಐಷಾರಾಮದ ವಸ್ತುವಾಗಿ ಮತ್ತೆ ಬೆಲೆ ಪಡೆದಾಗ ಪ್ರತಿಸ್ಪರ್ಧಿಗಳೆಲ್ಲ ಅಲ್ಲಿಂದಲೇ ಯಂತ್ರ ತಂದು ತಮ್ಮ ಹೆಸರು ಹಾಕಿ ಮಾರಿದರು. ಹಾಯೆಕ್‌ಗೆ ಇದು ಸರಿಕಾಣಲಿಲ್ಲ. ಹೊರಗಿನವರಿಗೆ ಎಬೋಷ್ ಕೊಡುವುದನ್ನು ಕ್ರಮೇಣ ನಿಲ್ಲಿಸುತ್ತೇವೆಂದು 2002ರಲ್ಲಿ ಆತನ ಸಂಸ್ಥೆ ಸಾರಿತು. ಉದ್ಯಮ ತತ್ತರಿಸಿತು. ಸ್ವಿಸ್ ಸ್ಪರ್ಧಾ ಆಯೋಗ ನಡುವೆ ಬಂದು ಕಡಿತಕ್ಕೆ ಗಡುವು ನಿಗದಿಮಾಡಿತು. ವ್ಯಾಜ್ಯ ಎಳೆದಾಡಿ ಮುಗಿದದ್ದು 2020ರಲ್ಲಿ.

ಈ ಹದಿನೆಂಟು ವರ್ಷಗಳಲ್ಲಿ ಕಂಪನಿಗಳು ಎರಡು ದಾರಿ ಹಿಡಿದವು. ಕೆಲವು ಸೆಲಿಟಾ ಎಂಬ ಇನ್ನೊಂದು ಕಾರ್ಖಾನೆಯ ಬಾಗಿಲಿಗೆ ಹೋದವು. ಇಟಿಎ ವಿನ್ಯಾಸಗಳ ಹಕ್ಕಿನ ಅವಧಿ ಮುಗಿದಿದ್ದರಿಂದ ಸೆಲಿಟಾ ಅದೇ ಮಾದರಿಯ ಯಂತ್ರ ಮಾಡಿ ಮಾರುತ್ತಿತ್ತು. ಉಳಿದವು ಕೋಟ್ಯಂತರ ಸುರಿದು ಸ್ವಂತ ಯಂತ್ರ ಕಟ್ಟಿದವು. ಸುರಿದ ಹಣ ಮರಳಬೇಕಲ್ಲ? ಅನಿವಾರ್ಯವಾಗಿ ಮಾಡಿಕೊಂಡದ್ದನ್ನು ಅಭಿಮಾನದ ವಿಷಯವಾಗಿ ಬಣ್ಣಿಸಿದರು. ‘ಸ್ವಂತದ್ದು’ ಎಂಬುದು ಬೆಲೆಪಟ್ಟಿಯ ಪದವಾಯಿತು.

ಪದವಾಯಿತೇ ಹೊರತು ಅದಕ್ಕೊಂದು ಅರ್ಥ ಗೊತ್ತಾಗಲಿಲ್ಲ. ‘ಸ್ವಿಸ್ ಮೇಡ್’ ಎಂದು ಬರೆಯಲು ಕಾನೂನಿದೆ. 2017ರಿಂದ ತಯಾರಿಕಾ ವೆಚ್ಚದ ಕನಿಷ್ಠ ಶೇಕಡ 60 ಸ್ವಿಟ್ಜರ್ಲೆಂಡಿನಲ್ಲಿ ಆಗಿರಬೇಕೆಂದು ನಿಯಮ. ‘ಇನ್-ಹೌಸ್’ ಎನ್ನಲು ಅಂಥ ಯಾವ ಕಾನೂನೂ ಇಲ್ಲ. ಮನೆ ಎಂದರೆ ಯಾವುದು? ಕಂಪನಿಯೇ, ಅದರ ಒಡೆತನದ ಕೂಟವೇ? ರೋಲೆಕ್ಸ್‌ಗೆ ಆರಂಭದಿಂದಲೂ ಯಂತ್ರ ಮಾಡಿಕೊಟ್ಟದ್ದು ಬೀಲ್ ಊರಿನ ಒಂದು ಪ್ರತ್ಯೇಕ ಕುಟುಂಬದ ಕಾರ್ಖಾನೆ. ರೋಲೆಕ್ಸ್ ಅದನ್ನು ಕೊಂಡದ್ದು 2004ರಲ್ಲಿ. ಅದಕ್ಕೆ ಮುಂಚಿನ ರೋಲೆಕ್ಸ್ ಯಂತ್ರಗಳನ್ನು ಯಾವ ಲೆಕ್ಕಕ್ಕೆ ಹಾಕಬೇಕು? 2017ರಲ್ಲಿ ಬ್ರೈಟ್ಲಿಂಗ್ ತನ್ನ ಕ್ರೊನೊಗ್ರಾಫ್ ಯಂತ್ರವನ್ನು ಟ್ಯೂಡರ್‌ಗೆ ಕೊಡತೊಡಗಿತು, ಟ್ಯೂಡರ್ ತನ್ನ ಮೂರು ಮುಳ್ಳಿನ ಯಂತ್ರವನ್ನು ಬ್ರೈಟ್ಲಿಂಗ್‌ಗೆ ಕೊಡತೊಡಗಿತು. ಪಕ್ಕದ ಮನೆಗೆ ಸಾರು ಕೊಟ್ಟು ಪಲ್ಯ ಇಸಿದುಕೊಂಡ ಹಾಗೆ. ಇದರಲ್ಲಿ ತಪ್ಪೇನಿಲ್ಲ, ಹಳೆಯ ಜುರಾ ಪದ್ಧತಿಯೇ ಬೇರೆ ಉಡುಪಿನಲ್ಲಿ ಬಂದಿದೆ. ಟ್ಯಾಗ್ ಹ್ಯೂಯರ್ 2009ರ ಕೊನೆಯಲ್ಲಿ ತನ್ನ ಕಾರ್ಖಾನೆಯ ‘1887’ ಯಂತ್ರವನ್ನು ಘೋಷಿಸಿದಾಗ ಮೂಲ ವಿನ್ಯಾಸದ ಹಕ್ಕು ಸೀಕೋದಿಂದ ಪಡೆದದ್ದೆಂಬುದು ಸುದ್ದಿಯಾಗಿ ಗದ್ದಲವೆದ್ದಿತು. ಯಂತ್ರ ಕೆಟ್ಟದ್ದೆಂದು ಗದ್ದಲವಾಗಲಿಲ್ಲ, ಮೂಲವನ್ನು ಮೊದಲೇ ಸ್ಪಷ್ಟವಾಗಿ ಹೇಳಲಿಲ್ಲವೆಂದು.

ಇನ್ನೂ ಒಳಗೆ ಹೋದರೆ ‘ಸ್ವಂತ’ ಎಂಬುದು ಮತ್ತಷ್ಟು ಕರಗುತ್ತದೆ. ಗಡಿಯಾರದ ಪ್ರಾಣ ಹೇರ್‌ಸ್ಪ್ರಿಂಗು. ಬಿಸಿಗೆ ಹಿಗ್ಗಿ ಚಳಿಗೆ ಕುಗ್ಗಿದರೆ ವೇಳೆ ತಪ್ಪುತ್ತದೆ. ಗಡಿಯಾರದವನ ಮಗನಾಗಿದ್ದ ಶಾರ್ಲ್ ಎಡ್ವರ್ಡ್ ಗಿಯೋಮ್ ಈ ತೊಂದರೆಯನ್ನು ನೀಗುವ ನಿಕ್ಕಲ್-ಉಕ್ಕಿನ ಮಿಶ್ರಲೋಹಗಳನ್ನು ಶೋಧಿಸಿ 1920ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ. ಆ ಸಂಶೋಧನೆಯ ಮುಂದಿನ ಹೆಜ್ಜೆಯೇ 1930ರ ದಶಕದ ‘ನಿವರಾಕ್ಸ್’. ಇಂದು ಆ ಹೆಸರಿನ ಕಾರ್ಖಾನೆ ಇರುವುದು ಸ್ವಾಚ್ ಗ್ರೂಪಿನ ಕೈಯಲ್ಲಿ. ಸ್ವಂತ ಯಂತ್ರವೆಂದು ಬೀಗುವ ಅನೇಕ ವಾಚುಗಳ ಹೇರ್‌ಸ್ಪ್ರಿಂಗು ಬರುವುದು ಅಲ್ಲಿಂದಲೇ. ಹೇರ್‌ಸ್ಪ್ರಿಂಗನ್ನೂ ತಾವೇ ಮಾಡಿಕೊಳ್ಳುವ ರೋಲೆಕ್ಸ್, ಸೀಕೋಗಳಂಥವರು ಬೆರಳೆಣಿಕೆಯಷ್ಟು ಮಂದಿ.

ಸರಿ, ಸ್ವಂತ ಯಂತ್ರ ಹೆಚ್ಚು ನಿಖರವಾಗಿಯಾದರೂ ನಡೆಯುತ್ತದೆಯೇ? ಸ್ವಿಟ್ಜರ್ಲೆಂಡಿನಲ್ಲಿ ಯಂತ್ರಗಳನ್ನು ಪರೀಕ್ಷಿಸಿ ‘ಕ್ರೊನೊಮೀಟರ್’ ಎಂಬ ಪ್ರಮಾಣಪತ್ರ ಕೊಡುವ ಸಂಸ್ಥೆಯೊಂದಿದೆ. ದಿನಕ್ಕೆ ಸರಾಸರಿ ನಾಲ್ಕು ಸೆಕೆಂಡಿಗಿಂತ ಹಿಂದೆ ಬೀಳಬಾರದು, ಆರಕ್ಕಿಂತ ಮುಂದೆ ಓಡಬಾರದು. ಈ ಪರೀಕ್ಷೆಯನ್ನು ಚೆನ್ನಾಗಿ ಹೊಂದಿಸಿದ ಇಟಿಎ ಯಂತ್ರವೂ ಪಾಸುಮಾಡುತ್ತದೆ, ಅದರ ಹತ್ತು ಪಟ್ಟು ಬೆಲೆಯ ವಾಚಿನ ಯಂತ್ರವೂ ಪಾಸುಮಾಡುತ್ತದೆ. ನಿಖರತೆ ಹೊಂದಿಸುವವನ ಕೈಯಲ್ಲಿದೆ, ತೊಟ್ಟಿಲಲ್ಲಿಲ್ಲ.

ಹೊಸ ಆವಿಷ್ಕಾರ ಸ್ವಂತ ಯಂತ್ರದಲ್ಲೇ ಆಗಬೇಕೆಂದೂ ಇಲ್ಲ. ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ ಕಂಡುಹಿಡಿದ ‘ಕೋ-ಆಕ್ಸಿಯಲ್’ ಎಂಬ ಹೊಸ ಬಗೆಯ ಹಿಡಿ-ಬಿಡಿ ವ್ಯವಸ್ಥೆ ಇಪ್ಪತ್ತನೆಯ ಶತಮಾನದ ಗಡಿಯಾರ ಶೋಧಗಳಲ್ಲಿ ಮುಖ್ಯವಾದದ್ದು. 1999ರಲ್ಲಿ ಒಮೆಗಾ ಅದನ್ನು ಮೊದಲು ಪೇಟೆಗೆ ತಂದದ್ದು ಇಟಿಎ 2892ರ ತಳಹದಿಯ ಮೇಲೆ. ಕುರ್ಟ್ ಕ್ಲೌಸ್ 1985ರಲ್ಲಿ ಐಡಬ್ಲ್ಯೂಸಿ ಕಂಪನಿಯ ‘ಡಾ ವಿಂಚಿ’ ವಾಚಿಗೆ ಅಧಿಕ ವರ್ಷವನ್ನೂ ತಾನೇ ಲೆಕ್ಕಹಾಕುವ ಪಂಚಾಂಗ ಯಂತ್ರ ರೂಪಿಸಿದಾಗ ಅದನ್ನು ಕೂರಿಸಿದ್ದು ಸಾಮಾನ್ಯ 7750ರ ಮೇಲೆ.

ಹಾಗೆಂದು ಸ್ವಂತ ಯಂತ್ರಕ್ಕೆ ಬೆಲೆಯೇ ಇಲ್ಲವೆನ್ನುವುದು ಅತಿಯಾಗುತ್ತದೆ. ಜರ್ಮನಿ ಒಂದಾದ ಮೇಲೆ ಗ್ಲಾಸ್‌ಹ್ಯುಟೆಯಲ್ಲಿ ಮರುಹುಟ್ಟು ಪಡೆದ ಎ. ಲಾಂಗೆ ಕಂಪನಿ 1994ರಲ್ಲಿ ‘ಲಾಂಗೆ 1’ ತಂದಿತು. ಅದರ ಡಯಲು ಒಂದು ಬದಿಗೆ ಸರಿದಿದೆ, ತಾರೀಖು ದೊಡ್ಡ ಕಿಟಕಿಯಲ್ಲಿ ಕಾಣುತ್ತದೆ. ಸಿದ್ಧ ಯಂತ್ರ ತಂದು ಕೂರಿಸಿ ಅಂಥ ಮುಖ ಮಾಡಲಾಗದು. ಮುಖಕ್ಕಾಗಿಯೇ ಯಂತ್ರ ಹುಟ್ಟಿದೆ. 1999ರಲ್ಲಿ ಅದೇ ಕಂಪನಿ ‘ಡಾಟೊಗ್ರಾಫ್’ ತಂದಾಗ ಪಾಟೆಕ್ ಇನ್ನೂ ಲೆಮಾನಿಯಾ ತಳಹದಿಯನ್ನೇ ಬಳಸುತ್ತಿತ್ತು. ಪೂರ್ತಿ ತಾನೇ ರೂಪಿಸಿದ ಮೊದಲ ಕ್ರೊನೊಗ್ರಾಫ್ ಯಂತ್ರವನ್ನು ಪಾಟೆಕ್ ತಂದದ್ದು 2005ರಲ್ಲಿ. ಯಾರೋ ಒಬ್ಬರು ಸ್ವಂತಕ್ಕೆ ಕಷ್ಟಪಟ್ಟರೆ ಉಳಿದವರ ಮೈ ಬಿಸಿಯಾಗುತ್ತದೆ. ಇನ್ನು ಬೆನ್ನಿನ ಗಾಜಿನಲ್ಲಿ ಕಾಣುವಂತೆ ಅಂಚುಗಳನ್ನು ಕೈಯಿಂದ ಮಟ್ಟಮಾಡಿ ಹೊಳಪು ಕೊಟ್ಟ ಯಂತ್ರಕ್ಕೆ ಹೆಚ್ಚು ಹಣ ಕೊಡುವುದು ನ್ಯಾಯವೇ. ಆದರೆ ಆ ಹಣ ಕೈಗೆಲಸಕ್ಕೆ, ಗೋತ್ರಕ್ಕಲ್ಲ. ಸ್ವಂತದ್ದೆಂಬ ಒಂದೇ ಕಾರಣಕ್ಕೆ ಬೆಲೆ ಹೆಚ್ಚಿದ್ದು, ಮುಚ್ಚಳ ತೆಗೆದರೆ ಒರಟು ಕೆಲಸ ಕಾಣುವ ವಾಚುಗಳೂ ಇವೆ. ಮೇಲೆ ಥಳಕು, ಒಳಗೆ ಹುಳುಕು.

ಕೊಳ್ಳುವವನು ನಿಜವಾಗಿ ಕೇಳಬೇಕಾದ ಪ್ರಶ್ನೆ ರಿಪೇರಿಯದು. ಸ್ಪ್ರಿಂಗಿನ ವಾಚಿನ ಎಣ್ಣೆ ಕೆಲವು ವರ್ಷಗಳಲ್ಲಿ ಒಣಗುತ್ತದೆ. ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಹೊಂದಿಸಬೇಕು. ಮಗನಿಗೆ, ಮೊಮ್ಮಗಳಿಗೆ ಕೊಡುವ ವಸ್ತುವೆಂದು ಮಾರುವ ವಾಚಿಗೆ ಇಂಥ ಸರ್ವಿಸು ಹತ್ತಾರು ಸಲ ಆಗಬೇಕಾಗುತ್ತದೆ. ಇಟಿಎ ಅಥವಾ ಸೆಲಿಟಾ ಯಂತ್ರ ಲಕ್ಷಾಂತರ ಸಂಖ್ಯೆಯಲ್ಲಿ ತಯಾರಾದದ್ದು. ಕಸುಬು ಕಲಿತ ಯಾವ ಊರಿನ ರಿಪೇರಿಯವನೂ ಅದನ್ನು ಬಿಚ್ಚಬಲ್ಲ. ಒಂದು ಚಕ್ರ ಸವೆದರೆ ಇನ್ನೊಂದು ಸಿಗುತ್ತದೆ. ಒಂದೇ ಕಂಪನಿ, ಸಣ್ಣ ಸಂಖ್ಯೆಯಲ್ಲಿ, ಕೆಲವೇ ವರ್ಷ ಮಾಡಿ ಬಿಟ್ಟ ಸ್ವಂತ ಯಂತ್ರದ ಪಾಡು ಹಾಗಲ್ಲ. ಹಲವು ಕಂಪನಿಗಳು ಬಿಡಿಭಾಗಗಳನ್ನು ಹೊರಗಿನವರಿಗೆ ಮಾರುವುದೇ ಇಲ್ಲ. ವಾಚು ಕಂಪನಿಗೇ ಹೋಗಬೇಕು, ಅವರು ಹೇಳಿದಷ್ಟು ತಿಂಗಳು ಕಾಯಬೇಕು, ಕೇಳಿದಷ್ಟು ಕೊಡಬೇಕು. ಆ ಕಂಪನಿಯೇ ಕೈಬದಲಾಗಿಯೋ ಬಾಗಿಲು ಹಾಕಿಯೋ ಇದ್ದರೆ ಮೊಮ್ಮಗಳ ಪಾಲಿಗೆ ಉಳಿಯುವುದು ಚೆಂದದ ಬಳೆ.

ಈ ಮಾತಿಗೆ ಬೆಂಗಳೂರಿನಲ್ಲೇ ಒಂದು ನಿದರ್ಶನವಿದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿತು. ವಿನ್ಯಾಸ ಸಿಟಿಜನ್‌ನದು, ಯಂತ್ರ ತಯಾರಾದದ್ದು ಇಲ್ಲಿ. ‘ಜನತಾ’ ವಾಚಿನ ಒಳಗಿದ್ದದ್ದು, ಇಂದಿನ ಜಾಹೀರಾತಿನ ಭಾಷೆಯಲ್ಲಿ ಹೇಳುವುದಾದರೆ, ಹದಿನೇಳು ಕಲ್ಲಿನ ‘ಇನ್-ಹೌಸ್ ಮೂವ್‌ಮೆಂಟ್’. ಅದನ್ನು ಐಷಾರಾಮವೆಂದು ಯಾರೂ ಕರೆಯಲಿಲ್ಲ. ಮೇಷ್ಟ್ರು, ಗುಮಾಸ್ತರು ಕಟ್ಟಿದರು. ಮದುವೆಯಲ್ಲಿ ಅಳಿಯನಿಗೆ ಕೊಟ್ಟರು. ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರಲ್ಲಿ ಕೈಗೊಂಡಿತು. ಆ ತೀರ್ಮಾನದ ನಂತರವೂ ವಾಚುಗಳು ನಿಂತಿಲ್ಲ. ಹಾಗಾಗಿರುವುದು ಯಂತ್ರ ಸ್ವಂತದ್ದಾಗಿತ್ತೆಂದಲ್ಲ; ಅದು ಸರಳವಾಗಿತ್ತು, ಊರತುಂಬ ಇತ್ತು, ಅದರ ಮರ್ಮ ಪೇಟೆಯ ರಿಪೇರಿಯವರಿಗೆ ತಿಳಿದಿತ್ತು. ಕೆಟ್ಟು ಮೂಲೆ ಸೇರಿದ ಒಂದು ಜನತಾದ ಚಕ್ರ ತೆಗೆದು ಇನ್ನೊಂದಕ್ಕೆ ಹಾಕಿ ಓಡಿಸುತ್ತಾರೆ.

ಎಂಟು ಲಕ್ಷದ ವಾಚು ಕೊಳ್ಳಲು ಹೊರಟವರು ಅಂಗಡಿಯವನನ್ನು ಕೇಳಬೇಕಾದ್ದು ಹೀಗಿರಬಹುದು: ಇದೇ ಯಂತ್ರವನ್ನು ಕಂಪನಿ ಎಷ್ಟು ವರ್ಷದಿಂದ ಮಾಡುತ್ತಿದೆ? ಸರ್ವಿಸು ಭಾರತದಲ್ಲೇ ಆಗುತ್ತದೋ, ಜಿನೀವಾಕ್ಕೆ ಹೋಗಬೇಕೋ? ಖರ್ಚೆಷ್ಟು, ಕಾಯಬೇಕಾದ ತಿಂಗಳೆಷ್ಟು? ಮೂವತ್ತು ವರ್ಷದ ಹಿಂದಿನ ಇವರದೇ ವಾಚಿಗೆ ಇಂದು ಬಿಡಿಭಾಗ ಸಿಗುತ್ತದೆಯೇ? ಉತ್ತರ ತಡವರಿಸಿದರೆ ಬೆಲೆಪಟ್ಟಿಯನ್ನು ಇನ್ನೊಮ್ಮೆ ನೋಡುವುದು ಲೇಸು.